ಎಡಮೂಲೆಯ ಗುಳ್ಳೆ

ಅವರನ್ನು ಕಡೆಯ ಸಲ ನೋಡಲು ಹೋದಾಗ ನಾನು ಮುಖಕ್ಕಿಂತ ಮೊದಲು ನೋಡಿದ್ದು ಬಲಗೈ ಹೆಬ್ಬೆರಳನ್ನು. ಬಂಗೂರನಗರದಲ್ಲಿ ಅವರ ತಮ್ಮನ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸಿ, ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಹೆಬ್ಬೆರಳು ಬೆಳ್ಳಗೆ, ಸ್ವಚ್ಛವಾಗಿ, ಯಾರೋ ಬೇರೆಯವರ ಬೆರಳಿನ ಹಾಗಿತ್ತು. ಅದನ್ನು ನೋಡಿದ ಮೇಲೆಯೇ ಅವರು ಇನ್ನಿಲ್ಲ ಎಂಬುದು ನನಗೆ ಖಾತ್ರಿಯಾಯಿತು. ಅಲ್ಲೇ ಗೋಡೆಗೆ ಒರಗಿ ಕೂತು ಅತ್ತೆ.

ನನ್ನ ನೆನಪಿನಲ್ಲಿ ಆ ಹೆಬ್ಬೆರಳು ಯಾವಾಗಲೂ ಕೆಂಪು. ದಾಂಡೇಲಿಯ ಕಾಲೇಜೊಂದರಲ್ಲಿ ಅವರು ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದರು. ಉಳ್ಳಾಗಡ್ಡಿಯ ಎಳೆ ಬೇರಿನ ತುದಿಯನ್ನು ಕೆಂಪು ಬಣ್ಣದಲ್ಲಿ ನೆನೆಸಿ, ಗಾಜಿನ ಸ್ಲೈಡಿನ ಮೇಲಿಟ್ಟು, ಅದರ ಮೇಲೆ ತೆಳು ಗಾಜಿನ ಚೂರೊಂದನ್ನು ಮುಚ್ಚಿ ಹೆಬ್ಬೆರಳಿನಿಂದ ಒತ್ತಬೇಕು. ಕಡಿಮೆ ಒತ್ತಿದರೆ ಜೀವಕೋಶಗಳು ಗುಡ್ಡೆಯಾಗಿಯೇ ಉಳಿಯುತ್ತವೆ. ಹೆಚ್ಚು ಒತ್ತಿದರೆ ಗಾಜು ಚಿಟ್ ಎನ್ನುತ್ತದೆ. ಬೆರಳು ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೆ ಎಲ್ಲ ಕಲಸಿಹೋಗುತ್ತದೆ. ಅವರು ಒತ್ತಿದ ಸ್ಲೈಡಿನಲ್ಲಿ ಮಾತ್ರ ಕೋಶಗಳು ಒಂದೇ ಪದರಾಗಿ, ಅಂಗಳದಲ್ಲಿ ಒಣಹಾಕಿದ ಹಪ್ಪಳದ ಹಾಗೆ, ಒಂದಕ್ಕೊಂದು ತಾಗದೆ ಹರಡಿಕೊಳ್ಳುತ್ತಿದ್ದವು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ‘ಹ್ಞಾಂ, ಬಂತು’ ಎನ್ನುವರು. ಆ ಎರಡು ಮಾತು ಕೇಳಲು ನಾವು ಕಾಯುತ್ತಿದ್ದೆವು.

ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಹೇಳಿ ಹೊಗಳಿದರೆ ಅವರಿಗೆ ಮೈಮೇಲೆ ಇರುವೆ ಹರಿದಂತಾಗುತ್ತಿತ್ತು. ನಿವೃತ್ತಿಯ ದಿನ ಶಾಲು ಹಿಡಿದು ಬಂದವರನ್ನು ‘ಸೆಕಿ ಭಾಳ ಐತ್ರಿ, ಅದೊಂದು ಬ್ಯಾಡ’ ಎಂದು ವೇದಿಕೆಯಿಂದ ಹಾಗೇ ಇಳಿಸಿ ಕಳಿಸಿದವರು ಅವರು. ಎಲ್ಲರಿಗೂ ಅವರು ಮೇಡಂ. ಈಗಲೂ ಹಾಗೇ ಇರಲಿ.

ನಾನು ಹಳಿಯಾಳ ತಾಲ್ಲೂಕಿನ ಸಿದ್ದಿ ಮನೆತನದ ಹುಡುಗಿ. ಕಾಲೇಜಿಗೆ ಬಂದಾಗ ಜೀವಕೋಶವೆಂದರೆ ನೀರು ತುಂಬಿದ ಪುಟ್ಟ ಚೀಲ ಎಂದಷ್ಟೇ ನನಗೆ ಗೊತ್ತಿತ್ತು. ಮೊದಲ ತರಗತಿಯಲ್ಲಿ ಅವರು ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಇಟ್ಟರು. ಅದು ಚಪ್ಪಟೆಯಾಗಿ ಹರಡಿ, ಉರುಳಿ, ಮುಂದಿನ ಸಾಲಿನಲ್ಲಿದ್ದ ನನ್ನ ಪುಸ್ತಕದ ಮೇಲೆ ಬಿದ್ದು ಒಡೆಯಿತು.

‘ಚೀಲ ಅಷ್ಟ ಆಗಿದ್ರ ಹಿಂಗ ಬೀಳತಿತ್ತು. ನಿನ್ನ ಮೈಯಾಗಿನ ಕೋಶ ಯಾಕ ಹಿಂಗ ಬೀಳಂಗಿಲ್ಲ ತಂಗಿ? ಒಳಗ ಯಾರು ಹಿಡಿದಾರ ಅದನ್ನ?’ ಎಂದರು.

ನಾನು ಸಿಟ್ಟಿನಲ್ಲಿ ತೊಯ್ದ ಪುಸ್ತಕ ಒರೆಸತೊಡಗಿದೆ. ಅವರೇ ಹೇಳಿದರು: ಪ್ರತಿ ಜೀವಕೋಶದ ಒಳಗೂ ಪ್ರೋಟೀನಿನಿಂದ ಕಟ್ಟಿದ ಹಂದರವೊಂದಿದೆ. ಅದರಲ್ಲಿ ಮೂರು ಜಾತಿಯ ಎಳೆಗಳು. ತೀರ ಸಣ್ಣವು ಕೋಶದ ಅಂಚಿನಲ್ಲಿದ್ದು ಅದನ್ನು ತೆವಳಿಸುತ್ತವೆ, ಹಿಂಡುತ್ತವೆ. ಹಗ್ಗದಂಥವು ಜಗ್ಗಿದರೂ ಹರಿಯದಂತೆ ಹಿಡಿಯುತ್ತವೆ, ನಮ್ಮ ಕೂದಲು ಉಗುರು ಆ ವಂಶದವು. ಮೂರನೆಯವು ಟೊಳ್ಳು ಕೊಳವೆಗಳು, ಅವೇ ಕೋಶದ ಕಂಬಗಳು, ಅವೇ ರಸ್ತೆಗಳು. ಟ್ಯುಬುಲಿನ್ ಎಂಬ ಪ್ರೋಟೀನಿನ ಇಟ್ಟಿಗೆಗಳು ಬಂದು ಕೂತಂತೆ ಕೊಳವೆ ಬೆಳೆಯುತ್ತದೆ, ಇಟ್ಟಿಗೆ ಕಳಚಿದಂತೆ ಕುಗ್ಗುತ್ತದೆ. ಕಳಚಿದ ಇಟ್ಟಿಗೆ ಹಾಳಾಗುವುದಿಲ್ಲ, ಇನ್ನೊಂದು ಕಡೆ ಇನ್ನೊಂದು ಕೊಳವೆಗೆ ಹೋಗಿ ಕೂರುತ್ತದೆ. ಇದು ಇಡೀ ದಿನ ನಡೆದೇ ಇರುತ್ತದೆ.

‘ನಮ್ಮ ಎಲುಬು ಹುಟ್ಟಿದಾಗಿಂದ ಸಾಯೂತನಕ ನಿಂತಲ್ಲೇ ನಿಂತಿರತಾವ. ಕೋಶದ ಎಲುಬು ಹಂಗಲ್ಲ. ಮುಂಜಾನೆ ಕಟ್ಟಿದ್ದು ಮಧ್ಯಾಹ್ನಕ್ಕ ಬಿಚ್ಚತೈತಿ. ಬಿಚ್ಚಲಿಲ್ಲ ಅಂದ್ರ ಕೋಶ ಸಾಯತೈತಿ’ ಎಂದರು.

ಆ ಕೊಳವೆಗಳ ಮೇಲೆ ಸರಕು ಹೊತ್ತು ನಡೆಯುವ ಪ್ರೋಟೀನುಗಳೂ ಇವೆ. ಅವಕ್ಕೆ ಎರಡು ಪಾದ. ಒಂದನ್ನು ಊರಿದ ಮೇಲೆಯೇ ಇನ್ನೊಂದನ್ನು ಎತ್ತುತ್ತವೆ. ಇದನ್ನು ಬಾಯಿಂದ ಹೇಳಿ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಚಪ್ಪಲಿ ಕಳಚಿಟ್ಟು, ಡಸ್ಟರು ಮತ್ತು ಹಾಜರಿ ಪುಸ್ತಕಗಳನ್ನು ತಲೆಯ ಮೇಲೆ ಹೇರಿಕೊಂಡು, ಪ್ರಯೋಗಾಲಯದ ನೆಲದ ಕಲ್ಲು ಜೋಡಿಸಿದ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆಟ್ಟು ತಾಗಿಸಿ ಈ ಗೋಡೆಯಿಂದ ಆ ಗೋಡೆಯ ತನಕ ನಡೆಯುತ್ತಿದ್ದರು. ಐವತ್ತು ಸಮೀಪಿಸಿದ ಹೆಂಗಸು, ಇಳಕಲ್ ಸೀರೆ, ತಲೆ ಮೇಲೆ ಡಸ್ಟರು! ನಾವು ಹುಡುಗಿಯರು ಬಾಯಿಗೆ ಓಢಣಿ ತುರುಕಿಕೊಂಡು ನಗುತ್ತಿದ್ದೆವು. ಅವರು ಒಂದು ಸಲವೂ ಗೆರೆ ತಪ್ಪಿದ್ದನ್ನು ನಾನು ನೋಡಲಿಲ್ಲ.

‘ನಗರಿ, ನಗರಿ. ಪರೀಕ್ಷೆದಾಗ ಈ ಪ್ರಶ್ನೆ ಬಂದಾಗ ನಾ ನಡೆದದ್ದು ನೆನಪಾಗತೈತಿ, ನೋಡರಿ ಬೇಕಾರ’ ಎನ್ನುತ್ತಿದ್ದರು. ಆ ಪ್ರಶ್ನೆ ಬಂತು, ಅದೇ ನೆನಪಾಯಿತು, ಪರೀಕ್ಷೆಯ ಹಾಲಿನಲ್ಲಿ ನಾವು ನಾಲ್ಕು ಜನ ಒಟ್ಟಿಗೆ ನಕ್ಕು ಬೈಸಿಕೊಂಡೆವು.

ಇಷ್ಟು ತಮಾಷೆಯ ಮನುಷ್ಯರು ಒಂದು ವಿಷಯದಲ್ಲಿ ಮಾತ್ರ ನಿರ್ದಯಿ. ಅದು ಪ್ರಾಕ್ಟಿಕಲ್ ಜರ್ನಲ್. ಪ್ರಯೋಗ ಮಾಡಿ, ಕಂಡದ್ದರ ಚಿತ್ರ ಬರೆದು ಒಪ್ಪಿಸುವ ಪುಸ್ತಕ. ಪಠ್ಯದಲ್ಲಿ ಚಿತ್ರ ಅಚ್ಚುಕಟ್ಟಾಗಿರುತ್ತದೆ. ಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ ಆ ಟೊಳ್ಳು ಕೊಳವೆಗಳು ಎರಡೂ ತುದಿಗಳಿಂದ ದಾರದಂತೆ ಚಾಚಿ ವರ್ಣತಂತುಗಳನ್ನು ಆಚೀಚೆ ಎಳೆಯುವುದನ್ನು ಅಲ್ಲಿ ಚೆಂದಾಗಿ ಗೆರೆಗೆರೆಯಾಗಿ ತೋರಿಸಿರುತ್ತಾರೆ. ನಮ್ಮ ಹಳೆಯ ಸೂಕ್ಷ್ಮದರ್ಶಕದಲ್ಲಿ ವರ್ಣತಂತು ಕೆಂಪಗೆ ಕಾಣುತ್ತಿತ್ತು, ದಾರ ಕಾಣುತ್ತಿರಲಿಲ್ಲ. ನಾನೂ ಎಲ್ಲರ ಹಾಗೆ ಪಠ್ಯ ನೋಡಿ ಗೆರೆ ಎಳೆದುಬಿಟ್ಟೆ. ಅವರು ಕೆಂಪು ಪೆನ್ನಿನಿಂದ ಇಡೀ ಚಿತ್ರಕ್ಕೆ ಅಡ್ಡಗೆರೆ ಹೊಡೆದರು.

‘ಕಂಡೀಯೇನು?’

‘ಇಲ್ರಿ ಮೇಡಂ. ಆದ್ರ ಇರತಾವಲ್ರಿ.’

‘ಇರತಾವ. ಆದ್ರ ನಿನಗ ಕಂಡಿಲ್ಲ. ದಾರ ಕಾಣಂಗಿಲ್ಲ, ದಾರ ಎಳೆದದ್ದು ಕಾಣತೈತಿ. ಅಷ್ಟ ಬರಿ.’

ಜರ್ನಲಿನ ಪ್ರತಿ ಪುಟದ ಕೆಳಗೆ ಎರಡು ಗೆರೆ ಅಚ್ಚು ಹಾಕಿರುತ್ತಾರೆ. ಎಡಕ್ಕೆ ವಿದ್ಯಾರ್ಥಿಯ ಸಹಿ, ಬಲಕ್ಕೆ ಅಧ್ಯಾಪಕರ ಸಹಿ. ಬೇರೆ ಅಧ್ಯಾಪಕರು ಎಡಗೆರೆಯನ್ನು ನೋಡುತ್ತಲೂ ಇರಲಿಲ್ಲ. ಇವರು ಅದು ಖಾಲಿ ಇದ್ದರೆ ಜರ್ನಲನ್ನು ಮುಚ್ಚಿ ವಾಪಸು ತಳ್ಳುವರು. ‘ಮೊದಲ ನೀ ಒಪ್ಪಿಕೊ, ಇದು ನಾ ಮಾಡಿದ್ದು ಅಂತ. ಆಮ್ಯಾಲ ನಾ ಸಹಿ ಮಾಡತೇನಿ’ ಎನ್ನುವರು. ಅವರಿಂದ ನನಗೆ ಹತ್ತಕ್ಕೆ ಎಂಟರ ಮೇಲೆ ಎಂದೂ ಬರಲಿಲ್ಲ. ಕಾರಣ ಒಂದೇ. ಗಾಜಿನ ಚೂರನ್ನು ಸೂಜಿಯ ಮೇಲೆ ಹಿಡಿದು ಬಲದಿಂದ ಎಡಕ್ಕೆ ಮೆಲ್ಲಗೆ ಇಳಿಸಬೇಕು. ನನಗೆ ಅವಸರ, ಕೊನೆಗೆ ಕೈಬಿಟ್ಟುಬಿಡುತ್ತಿದ್ದೆ. ಎಡಮೂಲೆಯಲ್ಲಿ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಸರಿಮಾಡಲು ಹೆಬ್ಬೆರಳನ್ನು ಜೋರಾಗಿ ಅಮುಕುತ್ತಿದ್ದೆ.

‘ನಿನ್ನ ಹೆಬ್ಬಟ್ಟಿಗೆ ಅಜ್ಜಿ ಜೋಡಿ ಕೌದಿ ಹೊಲಿದ ತಾಕತ್ತು ಐತಿ. ಅದನ್ನ ಮನ್ಯಾಗ ಇಟ್ಟು ಬಾ’ ಎಂದು ರೇಗಿಸುತ್ತಿದ್ದರು. ಹೊರಗೆ ನಗುತ್ತಿದ್ದೆ, ಒಳಗೆ ಹೆಮ್ಮೆ ಪಡುತ್ತಿದ್ದೆ. ನನ್ನ ಅಜ್ಜಿ ಹಳೆ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾಳೆಂದು ನೆನಪಿಟ್ಟುಕೊಂಡ ಮೊದಲ ಅಧ್ಯಾಪಕರು ಅವರು.

ಎಂ.ಎಸ್ಸಿ. ಮುಗಿಸಿ ಅದೇ ಕಾಲೇಜಿಗೆ ನಾನು ಅತಿಥಿ ಉಪನ್ಯಾಸಕಿಯಾಗಿ ಬಂದೆ. ಅವರ ಮೇಜಿನ ಎದುರಿಗೇ ನನಗೊಂದು ಕುರ್ಚಿ ಹಾಕಿಸಿದರು. ಮೂರು ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ನನಗೆ ಪಾಠದ ಭಯ ಹೋಯಿತು, ಅವರ ಭಯ ಮಾತ್ರ ಹೋಗಲಿಲ್ಲ. ಅವರಿಗೆ ನಿವೃತ್ತಿಗೆ ಇನ್ನೆರಡು ವರ್ಷವಿದೆ ಎನ್ನುವಾಗ ಎಡ ಎದೆಯಲ್ಲಿ ಗಂಟು ಕಂಡಿತು. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಹನ್ನೆರಡು ವಾರ, ವಾರಕ್ಕೊಮ್ಮೆ ಗುರುವಾರ, ಮದ್ದು ಏರಿಸಬೇಕೆಂದರು. ರಜೆ ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳಿದೆವು. ಗುರುವಾರ ಶುಕ್ರವಾರ ಮಾತ್ರ ತೆಗೆದುಕೊಂಡರು.

ಕೂದಲು ಉದುರಿತು. ಸೆರಗು ಹೊದ್ದು ತರಗತಿಗೆ ಬಂದು, ಮೂರು ಜಾತಿಯ ಎಳೆಗಳ ಪಾಠ ಬಂದಾಗ ತಲೆ ಮುಟ್ಟಿಕೊಂಡು ‘ಒಂದು ಜಾತಿ ನಂದು ಸದ್ಯಕ್ಕ ರಜಾ ಮ್ಯಾಲ ಐತಿ’ ಎಂದರು. ಯಾರೂ ನಗಲಿಲ್ಲ. ‘ನಗರಿ, ಪರೀಕ್ಷೆಗೆ ಬರತೈತಿ’ ಎಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅತ್ತುಬಿಟ್ಟಳು.

ಚೌತಿಯ ಮರುದಿನ ಒಂದು ಹೂ ಹಿಡಿದು ಬಂದರು. ಜೋಯಿಡಾ ಕಡೆಯ ಕೊಂಕಣಿ ಮನೆಗಳಲ್ಲಿ ಗಣಪತಿಯ ಮೇಲೆ ಕಟ್ಟುವ ಮಾಟೋಳಿಗೆ ಕಾಡಿನ ಕಾಯಿ ಹೂಗಳನ್ನೆಲ್ಲ ತೂಗುಹಾಕುತ್ತಾರಲ್ಲ, ಅದರಲ್ಲಿದ್ದ ಅಗ್ನಿಶಿಖೆ. ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಎಸಳು. ಅದನ್ನು ನನ್ನ ಮೇಜಿನ ಮೇಲಿಟ್ಟರು.

‘ಇದರ ಗಡ್ಡ್ಯಾಗ ವಿಷ ಐತಿ. ಆ ವಿಷ ಏನ ಮಾಡತೈತಿ ಹೇಳು?’

‘ಕೋಶದ ಕೊಳವಿ ಕಟ್ಟಗೊಡೂದಿಲ್ರಿ. ಇಟ್ಟಂಗಿ ಜೋಡಿಸಲಾರದಂಗ ಮಾಡತೈತಿ.’

‘ನನ್ನ ಮದ್ದು ಅದರ ಉಲ್ಟಾ. ಯಾವುದೋ ಮರದ ತೊಗಟ್ಯಾಗ ಸಿಕ್ಕಿದ್ದಂತ. ಕಟ್ಟಿದ್ದನ್ನ ಬಿಚ್ಚಗೊಡೂದಿಲ್ಲ. ಒಡೀಲಿಕ್ಕೆ ಹೊಂಟ ಕೋಶ ಅಲ್ಲೇ ಸಿಕ್ಕೊಂಡು ಸಾಯತೈತಿ. ಗಂಟಿನ ಕೋಶಕ್ಕ ಅದು ಬೇಕು. ಆದ್ರ ನರಕ್ಕ ಗೊತ್ತಾಗಬೇಕಲ್ಲ, ಇದು ತನಗಲ್ಲ ಅಂತ.’

ನರದ ಕೋಶಗಳು ನಮ್ಮ ಮೈಯಲ್ಲೇ ಅತಿ ಉದ್ದನೆಯವು. ಬೆನ್ನಿನ ಹತ್ತಿರದಿಂದ ಬೆರಳ ತುದಿಯ ತನಕ ಒಂದೇ ಕೋಶ ಚಾಚಿಕೊಂಡಿರುತ್ತದೆ. ಸರಕು ಹೊತ್ತ ಪ್ರೋಟೀನುಗಳು ಕೊಳವೆಗಳ ಮೇಲೆ ಅಷ್ಟೂ ದೂರ ನಡೆದು ಹೋಗಬೇಕು. ಮದ್ದಿನಿಂದ ಕೊಳವೆ ಮರಗಟ್ಟಿದರೆ ನಡೆಯುವವರು ಎಡವುತ್ತಾರೆ. ಮೊದಲು ಉಪವಾಸ ಬೀಳುವುದು ಕೊನೆಯ ಮನೆಗಳು, ಅಂದರೆ ಕೈಬೆರಳು, ಕಾಲ್ಬೆರಳು. ತಮ್ಮ ಮೈಯಲ್ಲಿ ಏನಾಗುತ್ತಿದೆಯೆಂಬುದು ಅವರಿಗೆ ಇಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ಗೊತ್ತಿಲ್ಲದವರು ದೇವರಿಗಾದರೂ ಕೈಮುಗಿದು ಸುಮ್ಮನಾಗುತ್ತಾರೆ.

‘ಡಾಕ್ಟರು ಪ್ರತಿ ವಾರಾ ಕೇಳತಾರ, ಬೆರಳು ಜುಮ್ ಅಂತಾವೇನ್ರಿ, ಗುಂಡಿ ಹಾಕಲಿಕ್ಕೆ ಬರತೈತೇನ್ರಿ ಅಂತ. ಹೆಚ್ಚಾದ್ರ ಮದ್ದು ಕಡಿಮಿ ಮಾಡತಾರಂತ. ಮಾಡಲಿಲ್ಲಂದ್ರ ಕೈ ಹಂಗ ಉಳದುಬಿಡಬಹುದಂತ. ಗುಂಡಿ ಯಾರರ ಹಾಕತಾರ ತಂಗಿ. ನನಗ ಬೇಕಾದ ಅಳತಿ ಬ್ಯಾರೆ ಐತಿ’ ಎಂದರು.

ಆ ಅಳತೆ ಸ್ಲೈಡು. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದು ಒಂದು ಬೇರಿನ ತುದಿ ತೆಗೆದು ಒತ್ತುವುದು. ಕೋಶಗಳು ಒಂದೇ ಪದರಾಗಿ ಹರಡಿದರೆ ಗುರುವಾರ ಡಾಕ್ಟರಿಗೆ ‘ಕೈ ಚಲೋ ಐತ್ರಿ’ ಎನ್ನುವುದು. ಗುಡ್ಡೆಯಾದರೆ ‘ಮದ್ದು ಕಡಿಮಿ ಮಾಡ್ರಿ’ ಎನ್ನುವುದು. ಇದಕ್ಕಾಗಿಯೇ ಹೊಸ ಜರ್ನಲೊಂದನ್ನು ತಂದು, ವಾರಕ್ಕೊಂದು ಪುಟ, ಕಂಡದ್ದರ ಚಿತ್ರ ಬರೆದು ಮುಚ್ಚಿ ಖಾನೆಯಲ್ಲಿ ಇಡುತ್ತಿದ್ದರು. ನಾನು ಕೇಳಿದರೂ ತೋರಿಸಲಿಲ್ಲ.

ಐದು ವಾರ ‘ಹ್ಞಾಂ, ಬಂತು’ ಕೇಳಿಸಿತು. ಆರನೆಯ ವಾರ ಎರಡು ಗಾಜು ಒಡೆದ ಮೇಲೆ ಬಂತು. ಏಳನೆಯ ವಾರ ನಾಲ್ಕು ಒಡೆದವು. ಬೆರಳುಗಳನ್ನು ಸೆರಗಿನಲ್ಲಿ ಸುತ್ತಿ ಉಜ್ಜಿಕೊಳ್ಳುವುದನ್ನು ನೋಡಿದೆ. ನಾನು ನೋಡಿದೆನೆಂದು ಗೊತ್ತಾಗಿ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡರು.

ಎಂಟನೆಯ ಬುಧವಾರದ ದಿನ ಅವರು ಸ್ಲೈಡು ಒತ್ತಿ ಸೂಕ್ಷ್ಮದರ್ಶಕಕ್ಕೆ ಇಟ್ಟಿದ್ದರಷ್ಟೆ, ಪ್ರಾಚಾರ್ಯರು ಕರೆಯುತ್ತಿದ್ದಾರೆಂದು ಜವಾನ ಬಂದ. ಹೋದರು. ನಾನು ಎದ್ದು ಬಗ್ಗಿ ನೋಡಿದೆ. ಕೆಂಪು ಗುಡ್ಡೆ. ಗಾಜು ಸರಿದು ಕೋಶಗಳೆಲ್ಲ ಅಂಬಲಿಯಾಗಿದ್ದವು. ಇದನ್ನು ಅವರು ನೋಡಬಾರದು ಎಂಬುದೊಂದೇ ನನಗೆ ತೋಚಿದ್ದು. ಬಟ್ಟಲಿನಲ್ಲಿ ಇನ್ನೂ ಬೇರಿನ ತುದಿಗಳಿದ್ದವು. ಬಣ್ಣ ಹನಿಸಿ, ದೀಪಕ್ಕೆ ಹಿಡಿದು, ಗಾಜು ಮುಚ್ಚಿ ಒತ್ತಿದೆ. ನನ್ನ ಬಾಳಿನಲ್ಲೇ ಅಷ್ಟು ಚೆಂದದ ಸ್ಲೈಡು ಬಂದಿರಲಿಲ್ಲ. ಅವರದನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡೆ, ನನ್ನದನ್ನು ಇಟ್ಟೆ.

ಬಂದು ಕೂತರು. ಬಹಳ ಹೊತ್ತು ನೋಡಿದರು. ಒಮ್ಮೆ ತಲೆಯೆತ್ತಿ, ಸ್ಲೈಡನ್ನು ಬರಿಗಣ್ಣಿನಿಂದ ನೋಡಿ, ಮತ್ತೆ ಬಗ್ಗಿದರು. ‘ಹ್ಞಾಂ, ಬಂತು’ ಅನ್ನಲಿಲ್ಲ. ‘ಚಲೋ ಐತಿ’ ಎಂದರು. ಜರ್ನಲು ತೆಗೆದು ಬರೆಯತೊಡಗಿದರು. ನಾನು ಉಸಿರು ಬಿಟ್ಟೆ. ಅವರನ್ನು ಖುಷಿಪಡಿಸಿದೆನೆಂದು ನನಗೆ ಅಂದು ಊಟ ರುಚಿಸಿತು ಎಂದರೆ ನೀವು ನಂಬಬೇಕು. ಅಷ್ಟು ದಡ್ಡಿ ನಾನು.

ಆ ಸ್ಲೈಡೇ ಮದ್ದಿನ ಅಳತೆಗೋಲು ಎಂದು ಗೊತ್ತಿದ್ದೂ, ನಾನು ಮಾಡಿದ್ದರ ಅರ್ಥ ನನಗೆ ಹೊಳೆದದ್ದು ಮರುದಿನ, ಅವರು ಹುಬ್ಬಳ್ಳಿಯ ಬಸ್ಸಿನಲ್ಲಿ ಕೂತ ಮೇಲೆ. ಫೋನು ಮಾಡಬಹುದಿತ್ತು. ಮಾಡಲಿಲ್ಲ. ಏನೆಂದು ಹೇಳಲಿ? ‘ಮೇಡಂ, ಆ ಸ್ಲೈಡು ನಿಮ್ಮದಲ್ಲ’ ಎಂದೇ? ಕಂಡದ್ದನ್ನಷ್ಟೇ ಬರಿ ಎಂದು ಕಲಿಸಿದವರ ಕಣ್ಣಿಗೇ ನಾನು ಸುಳ್ಳು ಇಟ್ಟಿದ್ದೆ. ಶನಿವಾರ ಬಂದವರು ತಾವಾಗಿಯೇ ‘ಕೈ ಚಲೋ ಐತಿ ಅಂತ ಹೇಳಿದೆ, ಪೂರ್ತಿ ಮದ್ದು ಕೊಟ್ಟರು’ ಎಂದರು. ಮುಂದಿನ ಬುಧವಾರ ಸ್ಲೈಡು ಮಾಡಲಿಲ್ಲ. ಏಕೆಂದು ಕೇಳುವ ಬಾಯಿ ನನಗಿರಲಿಲ್ಲ. ಹನ್ನೆರಡೂ ವಾರ ಪೂರ್ತಿ ಮದ್ದು ಹೋಯಿತು.

ಅದರ ಫಲ ನಾನು ಕಣ್ಣಾರೆ ಕಂಡೆ. ಚಾಕ್ ಹಿಡಿದರೆ ಜಾರಿ ಬೀಳುತ್ತಿತ್ತು. ಹಾಜರಿ ಪುಸ್ತಕದ ಹಾಳೆ ತಿರುವಲು ವಿದ್ಯಾರ್ಥಿಗಳನ್ನು ಕರೆಯುತ್ತಿದ್ದರು. ನೆಲದ ಗೆರೆಯ ಮೇಲೆ ನಡೆದು ತೋರಿಸುವ ಪಾಠ ಬಂದಾಗ ‘ಈ ವರ್ಷ ನಿಮ್ಮ ಮೇಡಂ ನಡೀತಾರ’ ಎಂದು ನನ್ನ ಕಡೆ ಕೈಮಾಡಿದರು. ನಾನು ನಡೆದೆ, ನಡುವೆ ಗೆರೆ ತಪ್ಪಿದೆ. ಬೇಸಿಗೆಯ ಒಂದು ಮಧ್ಯಾಹ್ನ ಬಸ್ ನಿಲ್ದಾಣದಿಂದ ಕಾಲೇಜಿಗೆ ಬಂದವರ ಬಲಗಾಲಲ್ಲಿ ಚಪ್ಪಲಿಯೇ ಇರಲಿಲ್ಲ. ಎಲ್ಲೋ ಕಳಚಿ ಬಿದ್ದಿತ್ತು. ಕಾದ ಡಾಂಬರಿನ ಮೇಲೆ ಅಷ್ಟು ದೂರ ನಡೆದು ಬಂದಿದ್ದರು, ಗೊತ್ತೇ ಆಗಿರಲಿಲ್ಲ. ಅಂಗಾಲು ಬೊಕ್ಕೆಯೆದ್ದಿತ್ತು. ನಾನು ಮೊಣಕಾಲೂರಿ ಮುಲಾಮು ಹಚ್ಚುತ್ತಿದ್ದರೆ ಅವರು ಕಿಟಕಿಯಾಚೆ ನೋಡುತ್ತ ‘ನೋಡು, ನೀ ಮುಟ್ಟಿದ್ದೂ ಗೊತ್ತಾಗವಲ್ದು’ ಎಂದರು. ಇದನ್ನು ಮಾಡಿದವಳು ನಾನೇ ಎಂದು ನನಗೆ ಕೂಗಿ ಹೇಳಬೇಕೆನ್ನಿಸಿತು. ಹೇಳಲಿಲ್ಲ. ಹಳಿಯಾಳದ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅತ್ತೆ.

ನಿವೃತ್ತಿಯಾದ ಮೊದಲ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವರೇ ಫೋನು ಮಾಡಿದರು. ಸೂಪಾ ಅಣೆಕಟ್ಟಿನ ಹಿನ್ನೀರು ಬಹಳ ಇಳಿದಿದೆಯಂತೆ, ನೋಡಿಬರೋಣ ಎಂದರು. ಕಾರು ನಡೆಸಿದ್ದು ಅವರ ತಮ್ಮ. ಜೋಯಿಡಾದ ದಾರಿಯ ಒಂದು ತಿರುವಿನಲ್ಲಿ ನಾವಿಬ್ಬರೇ ಇಳಿದೆವು. ಕಾಲಿಗೆ ಲೇಸು ಬಿಗಿಯುವ ಬೂಟು ಹಾಕಿದ್ದರು, ಕಳಚಿ ಬೀಳದಿರಲೆಂದು. ಲೇಸು ಕಟ್ಟಿದ್ದು ನಾನು. ನೀರು ಹಿಂದೆ ಸರಿದ ಕಡೆ ಕೆಸರು ಬಿರಿದು, ಕಪ್ಪು ಮರದ ಬೊಡ್ಡೆಗಳು ಎದ್ದು ನಿಂತಿದ್ದವು.

‘ಅಲ್ಲಿ, ಆ ಬೊಡ್ಡಿಗಳ ಆಚೆ ನಮ್ಮ ಮನಿ ಇತ್ತು. ಡ್ಯಾಮ್ ಆತು, ನೀರು ಬರತೈತಿ ಅಂದ್ರು. ನಮ್ಮಪ್ಪ ಅಳಲಿಲ್ಲ. ಒಂದು ಡಬ್ಬಿ ಡಾಂಬರು ತಂದು ಕಂಬಕ್ಕೆಲ್ಲಾ ನಂಬರ ಹಾಕಿದಾ. ಏಕ್, ದೋನ್, ತೀನ್. ಹಂಚು ಇಳಿಸಿದಾ, ತೊಲಿ ಇಳಿಸಿದಾ, ಕಂಬ ಕಿತ್ತಾ, ಲಾರ್‍ಯಾಗ ಹೇರಿದಾ. ಹೊಸಾ ಊರಾಗ ಅದ ಕಂಬ, ಅದ ತೊಲಿ, ಅದ ಹಂಚು. ಬಾಜೂ ಮನಿಯವರು ಬಿಚ್ಚಲಿಕ್ಕೆ ಮನಸ್ಸಾಗಲಿಲ್ಲ ಅಂತ ಹಂಗ ಬಿಟ್ಟರು. ಅವರದು ನೀರಾಗ ಹೋತು.’

ಬಿಸಿಲಿಗೆ ಕೈ ಅಡ್ಡ ಹಿಡಿದು ಆ ಬೊಡ್ಡೆಗಳನ್ನು ನೋಡಿದರು.

‘ಕ್ಲಾಸಿನ್ಯಾಗ ಕೋಶದ ಹಂದರ ಹೇಳೂಮುಂದ ನನ್ನ ಕಣ್ಣಮುಂದ ಬರೂದು ಆ ಲಾರಿ. ಆದ್ರ ಅದನ್ನ ಯಾರ ಮುಂದೂ ಹೇಳಿದ್ದಿಲ್ಲ.’

ಈಗ ಹೇಳಬೇಕು, ಇದೇ ಸಮಯ ಎಂದುಕೊಂಡೆ. ಅವರು ನನ್ನ ಕಡೆ ತಿರುಗಿ, ನಿಧಾನವಾಗಿ, ‘ನಿನಗೇನರ ಹೇಳೂದೈತೇನು ತಂಗಿ?’ ಎಂದು ಕೇಳಿದರು.

‘ಏನಿಲ್ರಿ ಮೇಡಂ’ ಎಂದೆ.

ಇನ್ನೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ‘ಆತು, ಹೋಗೂಣು ನಡಿ, ಬಿಸಿಲಾತು’ ಎಂದರು. ಕಾರಿನ ತನಕ ನನ್ನ ಭುಜ ಹಿಡಿದು ನಡೆದರು.

ಆ ಮಳೆಗಾಲದಲ್ಲಿ ಬೇನೆ ಮರುಕಳಿಸಿತು, ಈ ಸಲ ಯಕೃತ್ತಿಗೆ. ಚಳಿಗಾಲ ಮುಗಿಯುವುದರೊಳಗೆ ಹೋದರು. ಮದ್ದು ಕಡಿಮೆ ಮಾಡಿದ್ದರೂ ಮರುಕಳಿಸುತ್ತಿತ್ತೇನೋ, ಪೂರ್ತಿ ಕೊಟ್ಟದ್ದರಿಂದಲೇ ಅಷ್ಟು ದಿನ ಬದುಕಿದರೇನೋ, ನನಗೆ ತಿಳಿಯದು. ಡಾಕ್ಟರಿಗೂ ತಿಳಿದಿರಲಾರದು. ನನಗೆ ತಿಳಿದದ್ದು ಇಷ್ಟೆ: ಕೊನೆಯ ವರ್ಷಗಳಲ್ಲಿ ಅವರ ಬೆರಳುಗಳಿಗೆ ಏನೂ ತಾಗಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ನಾನು ಹಿಡಿದುಕೊಂಡ ಕೈ ಅವರಿಗೆ ತಿಳಿಯುತ್ತಿರಲಿಲ್ಲ, ಕಣ್ಣಿನಿಂದ ನೋಡಿ ತಿಳಿದುಕೊಳ್ಳುತ್ತಿದ್ದರು.

ಹದಿಮೂರನೆಯ ದಿನದ ಊಟವಾದ ಮೇಲೆ ಅವರ ತಮ್ಮ ನನ್ನನ್ನು ಒಳಗೆ ಕರೆದು ಒಂದು ಪೊಟ್ಟಣ ಕೊಟ್ಟರು. ‘ಅಕ್ಕ ಇಟ್ಟಿದ್ದಳ್ರಿ. ನಿಮಗ ಕೊಡು ಅಂದಿದ್ದಳು. ಮನಿಗೆ ಹೋಗಿ ಬಿಚ್ಚಿ ನೋಡ್ರಿ’ ಎಂದರು. ಬಿಚ್ಚಬೇಕಿರಲಿಲ್ಲ. ರಟ್ಟಿನ ಆಕಾರದಿಂದಲೇ ಜರ್ನಲ್ ಎಂದು ಗೊತ್ತಾಯಿತು.

ಮನೆಗೆ ಹೋಗಿ ಬಿಚ್ಚಿದೆ. ಮೊದಲ ಏಳು ಪುಟಗಳಲ್ಲಿ ಏಳು ಬುಧವಾರಗಳು. ಚಿತ್ರದ ಗೆರೆ ವಾರದಿಂದ ವಾರಕ್ಕೆ ಅಲುಗುತ್ತ ಹೋಗಿತ್ತು, ಒಡೆದ ಗಾಜಿನ ಲೆಕ್ಕವನ್ನೂ ಬಿಡದೆ ಬರೆದಿದ್ದರು. ಪ್ರತಿ ಪುಟದ ಕೆಳಗೆ ವಿದ್ಯಾರ್ಥಿಯ ಸಹಿಯೂ ಅವರದೇ, ಅಧ್ಯಾಪಕರ ಸಹಿಯೂ ಅವರದೇ. ಎಂಟನೆಯ ಪುಟದಲ್ಲಿ ಒಂದೇ ಪದರಾಗಿ ಹರಡಿದ ಕೋಶಗಳು. ಚಿತ್ರದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ಸೊಟ್ಟಗೆ ಹೋದ ಅಕ್ಷರಗಳಲ್ಲಿ, ಬರೆದಿತ್ತು: ‘ಕಂಡದ್ದನ್ನು ಬರೆದಿದ್ದೇನೆ. ಸ್ಲೈಡ್ ನನ್ನದಲ್ಲ. ಪದರ ಉತ್ತಮ. ಎಡಮೂಲೆಯಲ್ಲಿ ಗುಳ್ಳೆ. ಹತ್ತಕ್ಕೆ ಒಂಬತ್ತು.’

ಅದರ ಕೆಳಗೆ ಇನ್ನೊಂದು ಸಾಲು: ‘ನನ್ನ ಕೈ ಮುಗಿಯಿತು. ಆದರೂ ನಾಳೆ ಡಾಕ್ಟರಿಗೆ ಚಲೋ ಐತಿ ಅಂತಲೇ ಹೇಳುತ್ತೇನೆ. ಬದುಕಬೇಕೆಂಬ ಆಸೆ ಇದೆ. ಈ ನಿರ್ಧಾರ ನನ್ನದು, ಅವಳದಲ್ಲ.’

ಅಂದೇ ಬರೆದಿದ್ದರು. ಅಂದರೆ ಅಂದೇ ಗೊತ್ತಿತ್ತು. ಚಾಕ್ ಜಾರಿದಾಗ, ಅಂಗಾಲು ಸುಟ್ಟಾಗ, ನಾನು ಮೊಣಕಾಲೂರಿ ಮುಲಾಮು ಹಚ್ಚಿದಾಗ ಗೊತ್ತಿತ್ತು. ಸೂಪಾದ ಬೊಡ್ಡೆಗಳ ಮುಂದೆ ನಿಂತು ‘ಏನರ ಹೇಳೂದೈತೇನು’ ಎಂದು ಕೇಳಿದಾಗ ಗೊತ್ತಿದ್ದೇ ಕೇಳಿದ್ದರು. ನಾನು ಏನಿಲ್ಲ ಎಂದಿದ್ದೆ.

ಪುಟದ ಕೊನೆಗೆ ಬಂದೆ. ಬಲಗೆರೆಯ ಮೇಲೆ ಅಧ್ಯಾಪಕರ ಸಹಿ ಇತ್ತು. ವಿದ್ಯಾರ್ಥಿ ಒಪ್ಪಿಕೊಳ್ಳದೆ ಅವರು ಸಹಿ ಮಾಡಿದ್ದು ಅದೊಂದೇ ಸಲ. ಎಡಗೆರೆಯನ್ನು ಖಾಲಿ ಬಿಟ್ಟಿದ್ದರು. ನಾನು ಪೆನ್ನು ತೆಗೆದು, ಅವಸರ ಮಾಡದೆ, ಅಲ್ಲಿ ನನ್ನ ಹೆಸರು ಬರೆದೆ.